ದ್ವೀಪಕ್ಕೆ ಹೋಗಿ ಅವರನ್ನು ಕರೆತಂದದ್ದು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ಏನಾದರೂ ನೆಪ ಸಿಕ್ಕಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದೆ. ತೆಗೆಸಿ ವರ್ಷಗಳಾದವು. ಮನೆಗೆ ಸುಣ್ಣ ಬಳಿದಾಗಲಿ ಎಂದೆ, ಅದೂ ಆಯಿತು. ನಿಜವೆಂದರೆ, ಈ ಕಥೆಯಲ್ಲಿ ನಾನು ಹೇಗೆ ಕಾಣುತ್ತೇನೆಂಬುದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮುಂದೂಡುತ್ತ ಬಂದೆ. ಈಗ ಮುಂದೂಡಲು ಮುಂದೆ ಹೆಚ್ಚು ದಿನಗಳಿಲ್ಲ.

ನನ್ನ ಮದುವೆಯಾದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು, ಅಷ್ಟೇ. ಅಪ್ಪ ತೀರಿಕೊಂಡಿದ್ದ. ನಾನು ಮೆಟ್ರಿಕ್ ಮುಗಿಸಿ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಕೆಲಸಕ್ಕೆ ನಿಂತೆ. ತಮ್ಮ ಇನ್ನೂ ಸಾಲೆಯಲ್ಲಿದ್ದ. ಪಡಸಾಲೆಯಲ್ಲಿ ಅವ್ವ ಮತ್ತು ತಮ್ಮ ಮಲಗುತ್ತಿದ್ದರು. ನಾವಿಬ್ಬರು ಅಡುಗೆಮನೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ. ನಡುವೆ ಬಾಗಿಲಿರಲಿಲ್ಲ. ಅವ್ವನ ಹಳೆಯ ಇಳಕಲ್ ಸೀರೆಯೊಂದನ್ನು ಅಡ್ಡ ಕಟ್ಟಿದ್ದೆವು. ಆ ಕಡೆ ತಮ್ಮ ಪಾಠ ಬಾಯಿಪಾಠ ಮಾಡುವುದು ಈ ಕಡೆ ಕೇಳುತ್ತಿತ್ತು. ಈ ಕಡೆಯದು ಆ ಕಡೆ ಕೇಳಬಾರದೆಂದು ನಾವು ಮಾತನ್ನೇ ಆಡುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಟಾಕೀಜಿಗೆ ಹೋದಾಗ ಅವ್ವ ನಮ್ಮಿಬ್ಬರ ನಡುವೆ ಕೂತಿದ್ದಳು. ಅದರಲ್ಲಿ ಅವಳಿಗೇನೂ ವಿಶೇಷ ಅನ್ನಿಸಲಿಲ್ಲ, ಆಗ ನಮಗೂ ಅನ್ನಿಸಲಿಲ್ಲ. ಒಂದೇ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ, ಮಲಪ್ರಭೆಯ ದಂಡೆಯಲ್ಲಿ ಕೂತು ಬರೋಣವೆಂದು. ಕೂತು ಚುರುಮುರಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಅವ್ವನ ಕಡೆಯ ದೂರದ ಸಂಬಂಧಿ ಒಬ್ಬಳು ಬಟ್ಟೆ ಒಗೆಯಲು ಬಂದಳು. "ಅಯ್ಯ, ಹೊಳಿ ದಂಡ್ಯಾಗ ಯಾಕ ಕುಂತೀರಿ, ಮನಿ ಇಲ್ಲೇನ?" ಎಂದು ಎಬ್ಬಿಸಿಕೊಂಡು ಹೋಗಿ ಸಂಜೆಯ ಬಸ್ಸಿನತನಕ ಊಟ ಬಡಿಸಿದಳು. ನಮ್ಮ ಹನಿಮೂನು ಅದೇ. ಹೆಂಡತಿ ಅದನ್ನು ನೆನೆದು ಬಹಳ ದಿನ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ತಮ್ಮನ ಮದುವೆಯಾಗುವತನಕ.

ತಮ್ಮ ಕಾಲೇಜು ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದ. ಎಂಬತ್ತರ ನಂತರ ಅವನಿಗೆ ಖಾನಾಪುರದ ಹುಡುಗಿ ಗೊತ್ತಾದಳು. ಅವಳ ತಂದೆಗೆ ಅಲ್ಲಿ ಹಂಚಿನ ಭಟ್ಟಿ ಇತ್ತು. ಖಾನಾಪುರದ ಮಣ್ಣಿನ ಹಂಚು ಆಗ ಘಟ್ಟ ಇಳಿದು ಗೋವೆಗೆ ಹೋಗುತ್ತಿತ್ತು. ಹಾಗೆ ಹಂಚು ಕೊಳ್ಳುತ್ತಿದ್ದ ಗೋವೆಯ ಒಬ್ಬ ಗಿರಾಕಿ, ನದಿ ಸಮುದ್ರಕ್ಕೆ ಸೇರುವಲ್ಲಿದ್ದ ಒಂದು ಸಣ್ಣ ದ್ವೀಪದಲ್ಲಿ ನಾಲ್ಕಾರು ಕುಟೀರ ಕಟ್ಟಿ ಪ್ರವಾಸಿಗರಿಗೆ ಕೊಡುತ್ತಿದ್ದ. ಮದುವೆಗೆ ಬಂದವನು ಆಹೇರಿ ಉಡುಗೊರೆಯ ಬದಲು ಎಂಟು ದಿನ ಒಂದು ಕುಟೀರವನ್ನೇ ಗಂಡುಹೆಣ್ಣಿಗೆ ಬಿಟ್ಟುಕೊಟ್ಟ. ಅಲ್ಲಿ ಬೇರೆ ಊರಿಲ್ಲ, ಮನೆಯಿಲ್ಲ, ದೋಣಿ ಕರೆದರೆ ಮಾತ್ರ ಬರುತ್ತದೆ ಎಂದು ಮದುವೆಮನೆಯಲ್ಲಿ ಎಲ್ಲರ ಮುಂದೆ ಹೇಳಿದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅಡ್ಡ ಬಂದವಳು ಅವ್ವ. ನಮ್ಮ ಮನೆಯ ಪದ್ಧತಿ ಏನೆಂದರೆ, ಮದುವೆಯಾದವರು ಮೊದಲು ಮನೆದೇವರು ವೀರಭದ್ರನ ದರ್ಶನ ಮಾಡಬೇಕು. ಆಮೇಲೆಯೇ ಬೇರೆ ಊರು, ಬೇರೆ ನೀರು. ತಮ್ಮನಿಗೆ ರಜೆ ಸಾಲದು. ದೇವರಿಗೆ ಹೋದರೆ ದ್ವೀಪವಿಲ್ಲ, ದ್ವೀಪಕ್ಕೆ ಹೋದರೆ ದೇವರು ಮುಂದಿನ ತಿಂಗಳು.

"ಮನಿದೇವರ ಮುಖ ನೋಡದ ಸಮುದ್ರ ದಾಟತಾರಂತ. ಎಲ್ಲಿ ಕೇಳೀರಿ ಇಂಥಾದ್ದು?" ಎಂದಳು ಅವ್ವ.

ಮಾತಾಡಿದವಳು ನನ್ನ ಹೆಂಡತಿ. ಅವ್ವನ ಎದುರು ಹತ್ತು ವರ್ಷ ತಲೆ ಎತ್ತದಿದ್ದವಳು ಅಂದು ಅವ್ವನ ಕಾಲಿಗೆ ಎಣ್ಣೆ ತಿಕ್ಕುತ್ತ ಮಾತು ತೆಗೆದಳು.

"ಅತ್ತಿ, ವೀರಭದ್ರ ಎಲ್ಲಿಗೆ ಹೊಂಟಾನ್ರಿ? ಮುಂದಿನ ತಿಂಗಳೂ ಅಲ್ಲೇ ಇರತಾನ. ರಜಾ ಇರಂಗಿಲ್ಲ. ಪಾಪ, ಒಂದ ಸಲ ಇಬ್ಬರ ಹೋಗಿ ಬರಲಿ. ಅವರ ಬದಲಿ ನಾ ಐದು ಸೋಮವಾರ ಒಪ್ಪತ್ತು ಇರತೀನಿ."

"ನಿನಗೇನ ಅಷ್ಟ ಉಮೇದಿ?"

"ನನಗೊಬ್ಬಾಕಿ ತಂಗಿ ಬಂದಾಳ್ರಿ. ನಗಿನಗಿತಾ ಬಂದ್ರ ನನಗ ಛಲೋ."

ಇದು ಉತ್ಪ್ರೇಕ್ಷೆಯಲ್ಲ. ಹತ್ತು ವರ್ಷ ಆ ಅಡುಗೆಮನೆಯಲ್ಲಿ ಅವಳು ಒಬ್ಬಳೇ ಇದ್ದಳು. ತವರು ದೂರ, ಅಕ್ಕತಂಗಿಯರಿಲ್ಲ. ನೆಗೆಣ್ಣಿ ಬರುತ್ತಾಳೆಂದು ತಿಂಗಳ ಮೊದಲೇ ಗೋಡೆಯ ಮಾಡದಲ್ಲಿ ಎರಡನೆಯ ಕನ್ನಡಿ ಇಟ್ಟಿದ್ದಳು. ಅವ್ವ ಕೊನೆಗೆ ಒಪ್ಪಿದಳು. ಆ ಹುಡುಗಿ ಹೊರಡುವ ದಿನ ನನ್ನ ಹೆಂಡತಿಯ ಕಾಲು ಮುಟ್ಟಿ, "ಅಕ್ಕಾರ, ನಿಮ್ಮಿಂದ ಆತು ನೋಡ್ರಿ ಇದು" ಎಂದಳು. ದ್ವೀಪದಲ್ಲಿ ಎಲ್ಲೆಲ್ಲೂ ಮೀನು, ಲಿಂಗ ಕಟ್ಟಿದವರಿಗೆ ತಿನ್ನಲು ಏನು ಸಿಕ್ಕೀತೆಂದು ಹೆಂಡತಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಡಬ್ಬಿ ತುಂಬಿ ಕೊಟ್ಟಳು.

ನಾನು ಅವರನ್ನು ಸ್ಟೇಶನ್‌ಗೆ ಬಿಟ್ಟು ಬಂದೆ. ತಮ್ಮ ಕಪ್ಪು ಕನ್ನಡಕ ಹಾಕಿದ್ದ. ಗಾಡಿ ಹೊರಟಾಗ ಅವಳು ಕಿಟಕಿಯಿಂದ ಕೈ ಬೀಸಿದಳು, ನನಗಲ್ಲ, ಊರಿಗೆ. ಆಗಲೇ ನನ್ನ ಹೊಟ್ಟೆಕಿಚ್ಚು ಶುರುವಾಯಿತು.

ಓದುವವರು ತಪ್ಪು ತಿಳಿಯಬಾರದು. ಆ ಹುಡುಗಿಯ ಮೇಲೆ ನನಗೆ ಯಾವ ಕೆಟ್ಟ ಕಣ್ಣೂ ಇರಲಿಲ್ಲ. ನನ್ನ ಹೊಟ್ಟೆಯುರಿ ಆ ಎಂಟು ದಿನಗಳ ಮೇಲೆ. ಲೇಥ್ ಮುಂದೆ ನಿಂತಾಗ, ಈಗ ಅವರು ಎದ್ದಿರಬೇಕು, ಯಾರೂ ಎಬ್ಬಿಸಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನೀರಿಗಿಳಿದಿರಬೇಕು. ಈಗ ಜೋರಾಗಿ ನಗುತ್ತಿರಬೇಕು, ಕೇಳುವವರು ಯಾರಿದ್ದಾರೆ ಅಲ್ಲಿ. ಹೀಗೆ ಯೋಚಿಸುತ್ತ ಒಂದು ಶಾಫ್ಟನ್ನು ಅಳತೆಗಿಂತ ಸಣ್ಣದಾಗಿ ಕಡಿದು ಕೆಡಿಸಿದೆ. ಅಷ್ಟು ವರ್ಷದಲ್ಲಿ ಅಂಥ ತಪ್ಪು ಮಾಡಿದವನಲ್ಲ. ಫೋರ್ಮನ್ ಬೈದದ್ದೂ ತಮ್ಮನ ಲೆಕ್ಕಕ್ಕೇ ಸೇರಿತು.

ಮರುದಿನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಪಾದ ಉಳುಕಿ ಬಾತಿತ್ತು. ಡಾಕ್ಟರು ನೋಡಿ ಎಲುಬಿಗೇನೂ ಆಗಿಲ್ಲ, ನಾಲ್ಕು ದಿನ ಕಾಲು ಊರಬೇಡಿ ಎಂದರು. ಅವ್ವನೇ ಹೇಳಿದಳು, "ಆ ಹುಡುಗೂರಿಗೆ ತಿಳಸಬ್ಯಾಡ್ರಿ, ಓಡಿ ಬಂದಾರು." ದೇವರ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದವಳು ಬಾಜು ಮನೆಯ ಮುದುಕಿ. ಮನೆದೇವರನ್ನು ಬಿಟ್ಟು ಹೋದದ್ದಕ್ಕೆ ಹೀಗಾಯಿತು, ಹೊಸ ಸೊಸೆಯ ಕಾಲ್ಗುಣ ಎಂದಳು. ನನ್ನ ಹೆಂಡತಿ ಅವಳ ಬಾಯಿ ಮುಚ್ಚಿಸಿದಳು.

"ಬಚ್ಚಲದಾಗ ಹಾಂವಸಿ ಬೆಳದು ಕಲ್ಲು ಜಾರತಿತ್ತು, ತಿಕ್ಕಬೇಕಾದಾಕಿ ನಾನು. ಗುಣಾ ನೋಡೂದಿದ್ರ ನಂದು ನೋಡ್ರಿ."

ಮುದುಕಿ ಎದ್ದು ಹೋದಳು. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ, ಗೋವೆಯಲ್ಲಿ ಒಂದು ಮಶೀನು ನೋಡಿ ಬರಲು ವರ್ಕ್‌ಶಾಪಿನ ಶೇಠರು ಹೇಳಿದ್ದಾರೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಗಾಡಿ ಹತ್ತಿದೆ.

ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ತಾಯಿ ಬಿದ್ದ ಸುದ್ದಿ ಮಗನಿಗೆ ಮುಟ್ಟಿಸುವುದು ಧರ್ಮ ಎಂದು. ಖಾನಾಪುರ ದಾಟಿತು, ಲೋಂಡಾ ದಾಟಿತು, ಗಾಡಿ ಘಟ್ಟ ಇಳಿಯಿತು. ನಾನು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಗಾಡಿಯಿಂದಿಳಿದು ಬಸ್ಸು ಹತ್ತಿದೆ. ಬಸ್ಸು ಇಳಿಸಿದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ದೋಣಿಯವನನ್ನು ಹುಡುಕಿದೆ. ಅವನು ನನ್ನನ್ನು, ನನ್ನ ಬರಿಗೈಯನ್ನು ನೋಡಿ ಮರಾಠಿಯಲ್ಲಿ, ಒಬ್ಬರೇ ಹೋಗುತ್ತೀರಾ, ಅಲ್ಲಿಗೆಲ್ಲ ಜೋಡಿಗಳೇ ಬರುವುದು ಎಂದ.

ದ್ವೀಪ ಚಿಕ್ಕದು. ತೆಂಗು, ಗೇರು, ಬಿಳಿ ಮರಳು, ಅದರಾಚೆ ಎತ್ತ ನೋಡಿದರೂ ನೀರು. ಕುಟೀರಗಳ ಮೇಲೆ ನಮ್ಮ ಖಾನಾಪುರದ ಕೆಂಪು ಹಂಚು. ಒಂದು ಕುಟೀರ ಬಿಟ್ಟರೆ ಉಳಿದವು ಖಾಲಿ. ನಾನು ದೋಣಿಯಿಂದ ಇಳಿದಾಗ ತಮ್ಮ ದೂರದಲ್ಲಿ ನೀರಿನಂಚಿನಲ್ಲಿ ಏನೋ ಹೆಕ್ಕುತ್ತಿದ್ದ. ಅರ್ಧ ಚಡ್ಡಿ ಹಾಕಿದ್ದ. ಅವನ ಮೊಣಕಾಲನ್ನು ನಾನು ಅವನ ಸಾಲೆಯ ದಿನಗಳ ನಂತರ ನೋಡಿರಲಿಲ್ಲ. ಅವಳು ಕುಟೀರದ ಮೆಟ್ಟಿಲ ಮೇಲೆ ಕೂತು ಒದ್ದೆ ಕೂದಲು ಹಾರಲು ಬಿಟ್ಟಿದ್ದಳು. ಅವನನ್ನು ಚಹಾಕ್ಕೆ ಕರೆದಳು. ಹೆಸರು ಹಿಡಿದು ಕರೆದಳು, ಗಟ್ಟಿಯಾಗಿ, ಗೆಳತಿಯನ್ನು ಕೂಗುವ ಹಾಗೆ. ಅವನೂ ಅಷ್ಟೇ ಗಟ್ಟಿಯಾಗಿ ಅವಳ ಹೆಸರು ಕೂಗಿ ಬಂದೆ ಎಂದ.

ನಮ್ಮ ಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಕಾರ್ಯಗಳಲ್ಲಿ ಒತ್ತಾಯಕ್ಕೆ ಒಡಪಿನ ಪದ್ಯ ಕಟ್ಟಿ ಹೇಳಿದರೆ ಉಂಟು, ಅದೂ ತಲೆ ತಗ್ಗಿಸಿ. ಅದಕ್ಕಿಂತ ಹೆಚ್ಚು ನನ್ನ ಹೆಸರು ನನ್ನ ಹೆಂಡತಿಯ ಬಾಯಲ್ಲಿ ಕೇಳಿದ ನೆನಪಿಲ್ಲ. ನಾನವಳಿಗೆ "ಕೇಳಿದೇನ", ಅವಳು ನನಗೆ "ರೀ". ಆ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು, ಇದು ನನಗೆ ಎಂದೂ ಸಿಗಲಿಲ್ಲ, ಇವನಿಗೇಕೆ ಸಿಗಬೇಕು ಎಂದುಕೊಂಡೆ. ಅಷ್ಟು ಸ್ಪಷ್ಟವಾಗಿ ಅಂದುಕೊಂಡೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನನ್ನು ಕಂಡು ಅವಳು ಸೆರಗು ಎಳೆದುಕೊಂಡು ಎದ್ದಳು. "ಭಾವಾರ ಬಂದಾರ" ಎಂದು ಕೂಗಿದಳು. ತಮ್ಮ ಓಡಿ ಬಂದ.

"ಅಣ್ಣಾ, ನೀ ಹೆಂಗ ಬಂದಿ? ಮನ್ಯಾಗ ಎಲ್ಲಾ ಬರೋಬರಿ ಅದಾರಿಲ್ಲ?"

"ಮೊದಲ ನೀರ ಕೊಡು" ಎಂದೆ.

ಅವಳು ನೀರು ಕೊಟ್ಟು, ಎಲೆಯ ಮೇಲೆ ರೊಟ್ಟಿ ಚಟ್ನಿ ಹಾಕಿ ತಂದಳು. "ಅಕ್ಕಾರ ಚಟ್ನಿ ಇಲ್ಲದಿದ್ರ ನಾವು ಉಪಾಸ ಇರತಿದ್ವಿ ನೋಡ್ರಿ. ಇವರಂತೂ ಚಹಾದ ಕೂಡನೂ ಚಟ್ನಿ ತಿಂತಾರ" ಎಂದು ನಕ್ಕಳು. ನಾನು ಉಂಡೆ. ಉಂಡು ಕೈ ತೊಳೆದು, ಅವ್ವ ಬಿದ್ದದ್ದನ್ನು ಹೇಳಿದೆ.

ತಮ್ಮನ ಮುಖ ಇಳಿಯಿತು. "ಅವ್ವ ಬಾ ಅಂದಾಳೇನ?"

ಅವ್ವ ಕರೆದಳೆಂದರೆ ಅವನು ನಾಳೆ ಅವ್ವನನ್ನೇ ಕೇಳುತ್ತಾನೆ. ನಾನು ಕರೆಯಲು ಬಂದೆ ಎಂದರೆ ಯಾಕೆ ಎಂದು ಕೇಳುತ್ತಾನೆ. ವೈನಿಯನ್ನು, ಅಂದರೆ ನನ್ನ ಹೆಂಡತಿಯನ್ನು, ಮಾತ್ರ ಅವನು ಎದುರಿಗೆ ನಿಂತು ಕೇಳಲಾರ. ನಮ್ಮಲ್ಲಿ ಮೈದುನರು ಅಣ್ಣನ ಹೆಂಡತಿಗೆ ಎದುರು ಪ್ರಶ್ನೆ ಹಾಕುವುದಿಲ್ಲ. ಇಷ್ಟನ್ನೂ ಲೆಕ್ಕ ಹಾಕಿ ಬಾಯಿ ತೆರೆದೆ.

"ಅವ್ವ ಏನೂ ಅಂದಿಲ್ಲ. ನಿಮ್ಮ ವೈನಿ ಕಳಿಸ್ಯಾಳ. ಅಕಿ ಒಬ್ಬಾಕಿಗೇ ನೀಗೂದಿಲ್ಲಂತ."

"ವೈನಿ ಅಂದ್ರಾ?"

"ಅಷ್ಟ ಅಲ್ಲ. ಮನಿದೇವರನ್ನ ಬಿಟ್ಟ ನೀರ ದಾಟಿದ್ರ ಇನ್ನೇನಾದೀತು ಅಂದ್ಲು. ಹೊಸಾಕಿ ಕಾಲ್ಗುಣ ಅಂತ."

ತಮ್ಮ ನಂಬಲಿಲ್ಲವೆನಿಸಿತು. ಆದರೆ ಅವಳು ಅವನ ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಚಹಾದ ಬಟ್ಟಲಿತ್ತು.

"ಅಕ್ಕಾರ ಅಂದ್ರೇನ್ರಿ ಹಂಗ?"

ಆಗಲಾದರೂ ಇಲ್ಲವೆನ್ನಬಹುದಿತ್ತು. "ಸಿಟ್ಟಿನ್ಯಾಗ ಅಂದಿರಬೇಕು ಬಿಡವಾ, ಮನಸಿಗೆ ಹಚ್ಚಿಕೋಬ್ಯಾಡ" ಎಂದು ಬುದ್ಧಿ ಹೇಳಿದೆ. ಆ ಸಮಾಧಾನದಿಂದಲೇ ಸುಳ್ಳು ಗಟ್ಟಿಯಾಯಿತು.

ಅವಳು ಅಳಲಿಲ್ಲ. ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ಸಂಜೆಯ ಹೊತ್ತಿಗೆ ದೋಣಿ ಹತ್ತಿದೆವು. ಚಟ್ನಿಯ ಡಬ್ಬಿಯನ್ನು ಅವಳು ಕುಟೀರದ ಕಟ್ಟೆಯ ಮೇಲೆ ಬಿಟ್ಟಳು. ಮರೆತಳೆಂದು ಕುಟೀರ ನೋಡಿಕೊಳ್ಳುವವನು ದೋಣಿಯ ತನಕ ತಂದು ಕೊಟ್ಟರೆ, "ನೀವ ಇಟ್ಕೋರಿ" ಎಂದಳು. ಗಾಡಿಯಲ್ಲಿ ಇಬ್ಬರೂ ಒಂದೇ ಬಾಕಿನ ಮೇಲೆ ಕೂತಿದ್ದರು, ಮಾತಿಲ್ಲದೆ. ಅವರ ನಡುವೆ ನಾನು ಕೂತಿರಲಿಲ್ಲ, ಎದುರಿಗೆ ಕೂತಿದ್ದೆ. ಆದರೂ ಅವರಿಬ್ಬರ ನಡುವೆ ಇದ್ದವನು ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಹೊತ್ತು ನನ್ನ ಹೊಟ್ಟೆ ತಣ್ಣಗಿತ್ತು.

ಮನೆಯಲ್ಲಿ ಅವ್ವ ಅವರನ್ನು ನೋಡಿ ಖುಷಿಪಟ್ಟಳು. ಗೋವೆಗೆ ಹೋದವನು ಅವರನ್ನು ಕಂಡೆ, ಸುದ್ದಿ ಕೇಳಿ ಅವರೇ ನಿಲ್ಲಲಿಲ್ಲ ಎಂದು ಅವಳಿಗೆ ಹೇಳಿದೆ. ಯಾರೂ ಯಾರನ್ನೂ ಕೇಳಲಿಲ್ಲ, ನಾನೆಣಿಸಿದ ಹಾಗೆಯೇ ಆಯಿತು. ಹೆಂಡತಿ ಮಾತ್ರ ಹಿತ್ತಲಲ್ಲಿ ನನ್ನನ್ನು ತಡೆದು, "ಯಾಕ ಹೇಳಿದ್ರಿ ಅವರಿಗೆ?" ಎಂದಳು. ಬಾಯಿ ತಪ್ಪಿ ಬಂತು ಎಂದೆ. ಅವಳು ನಿಟ್ಟುಸಿರು ಬಿಟ್ಟು ಹೊಸಬಳಿಗೆ ನೀರು ಕಾಯಿಸಲು ಹೋದಳು.

ಆಮೇಲಿನ ದಿನಗಳನ್ನು ನಾನು ದೂರದಿಂದ ನೋಡಿದೆ. ಹೆಂಡತಿ ಮಲ್ಲಿಗೆ ತಂದು ಕೊಟ್ಟರೆ ಅವಳು ದೇವರಿಗೆ ಏರಿಸುತ್ತಿದ್ದಳು. ತಲೆ ಬಾಚುತ್ತೇನೆ ಬಾ ಎಂದರೆ, ಆಗಲೇ ಬಾಚಿಕೊಂಡಿದ್ದೇನೆ ಎನ್ನುತ್ತಿದ್ದಳು. ಕೆಲಸವನ್ನೆಲ್ಲ ಮಾಡುತ್ತಿದ್ದಳು, ಹೇಳಿದ್ದಕ್ಕಿಂತ ಹೆಚ್ಚು ಮಾಡುತ್ತಿದ್ದಳು, ಮಾತು ಮಾತ್ರ "ಹೂಂ", "ಇಲ್ರಿ". ಗೋಡೆಯ ಮಾಡದಲ್ಲಿದ್ದ ಎರಡನೆಯ ಕನ್ನಡಿಯಲ್ಲಿ ಅವಳು ಮುಖ ನೋಡಿಕೊಂಡದ್ದನ್ನು ನಾನು ಕಾಣಲಿಲ್ಲ. ಹೆಂಡತಿಗೆ ಏನೂ ತಿಳಿಯದು. ಶ್ರೀಮಂತರ ಮನೆಯ ಹುಡುಗಿ, ನಮ್ಮ ಮನೆ ಹಿಡಿಸಿಲ್ಲ ಎಂದುಕೊಂಡು ರೊಟ್ಟಿ ಇನ್ನೂ ತೆಳ್ಳಗೆ ಬಡಿಯುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಅಡುಗೆಮನೆಯ ಕಿಟಕಿ ತೆರೆದಿತ್ತು.

"ಯಾಕವಾ ತಂಗಿ, ನನ್ನ ಮ್ಯಾಲ ಸಿಟ್ಟೇನ? ತಪ್ಪಾಗಿದ್ರ ಹೇಳು" ಎಂದಳು ನನ್ನ ಹೆಂಡತಿ.

ಆ ಹುಡುಗಿ, "ನೀವ ಕಳಿಸಿದ್ರಿ, ನೀವ ಕರಿಸಿದ್ರಿ. ಅದಕ್ಕ ನನಗೇನೂ ಇಲ್ಲ. ಆದ್ರ ನನ್ನ ಕಾಲ್ಗುಣ ಅಂತ ಅಂದ್ರಲ್ಲ ಅಕ್ಕಾರ, ಅದನ್ನ ನನ್ನ ಮುಂದ ಅನ್ನಬೇಕಿತ್ತು" ಎಂದಳು.

ನನ್ನ ಕೈಯಲ್ಲಿ ವಸ್ತರೆ ನಿಂತಿತು. ಈಗ ಹೆಂಡತಿ, ಯಾರು ಹೇಳಿದರು ನಿನಗೆ ಎನ್ನುತ್ತಾಳೆ. ಹುಡುಗಿ ನನ್ನ ಹೆಸರು ಹೇಳುತ್ತಾಳೆ. ಎಲ್ಲ ಮುಗಿಯುತ್ತದೆ. ಕಾಯುತ್ತ ನಿಂತೆ. ದ್ವೀಪಕ್ಕೆ ಹೋದವನು ನಾನೊಬ್ಬನೇ ಎಂಬುದು ಹೆಂಡತಿಗೆ ಹೊಳೆಯಲು ಎಷ್ಟು ಹೊತ್ತು ಬೇಕು.

"ಅಂದೆ ಖರೇ" ಎಂದಳು ನನ್ನ ಹೆಂಡತಿ. "ಬಾಯಿ ತಪ್ಪಿತು. ನನ್ನ ತಪ್ಪಾತು ತಂಗಿ, ಹೊಟ್ಯಾಗ ಹಾಕ್ಕೋ."

ನಾನು ಒಳಗೆ ಹೋದಾಗ ಹೆಂಡತಿ ದಿನದಂತೆ ತಾಟು ಇಟ್ಟು ರೊಟ್ಟಿ ಬಡಿಸಿದಳು. ನನ್ನ ಮುಖ ನೋಡಲಿಲ್ಲ, ಏನೂ ಕೇಳಲೂ ಇಲ್ಲ. ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ತಮ್ಮ ಅನಗೋಳದಲ್ಲಿ ಬಾಡಿಗೆ ಮನೆ ಹಿಡಿದ. ಓಣಿಯವರು, ಹಿರಿ ಸೊಸೆಯ ಕಾಟ ತಡೆಯದೆ ಹೋದರು ಎಂದರು. ಅದನ್ನೂ ನನ್ನ ಹೆಂಡತಿ ಕೇಳಿಸಿಕೊಂಡಳು. ಅವ್ವನೂ ಒಮ್ಮೊಮ್ಮೆ, "ನೀ ಒಂದಿಷ್ಟ ತಾಳಿಕೊಂಡು ಹೋಗಿದ್ರ..." ಎಂದು ಶುರುಮಾಡಿ ಅರ್ಧಕ್ಕೆ ಬಿಡುತ್ತಿದ್ದಳು. ನಾನು ಅಲ್ಲೇ ಕೂತಿರುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತಮ್ಮನಿಗೆ ಮಗಳು ಹುಟ್ಟಿದಳು. ಬಹಳ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು. ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಅನಗೋಳಕ್ಕೆ ಹೋದೆವು. ನಮಗೆ ಅಕ್ಕತಂಗಿಯರಿಲ್ಲ. ಸೋದರತ್ತೆ ಇಲ್ಲದ ಮನೆಯಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮಾನ ದೊಡ್ಡವ್ವನದು. ನನ್ನ ಹೆಂಡತಿ ಕೂಸಿನ ತಲೆಗೆ ಹೊಸ ಕುಂಚಿಗೆ ಹೊಲಿದುಕೊಂಡು ಹೋಗಿದ್ದಳು. ತೊಟ್ಟಿಲ ಹತ್ತಿರ ಹೋಗಿ ಕೈ ಚಾಚಿದಳು. ತಾಯಿಯಾದವಳು ಕೂಸನ್ನು ಎದೆಗೆ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ, ನೆರೆಮನೆಯವಳ ಕೈಗೆ ಕೊಟ್ಟಳು. ಒಳ್ಳೆಯ ಮಾತಾಡದ ಬಾಯಿಂದ ಕೂಸಿನ ಹೆಸರು ಬೇಡವೆನ್ನಿಸಿರಬೇಕು. ಅವಳನ್ನು ನಾನು ದೂರುವುದಿಲ್ಲ. ನನ್ನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು, ಉಳಿದ ಹೆಂಗಸರ ಜೊತೆ ಜೋಗುಳಕ್ಕೆ ದನಿಗೂಡಿಸಿದಳು.

ಅಂದು ಬಸ್‌ಸ್ಟಾಪಿನ ತನಕ ಕಳಿಸಲು ಬಂದ ತಮ್ಮನನ್ನು ಒಂದು ಬದಿಗೆ ಕರೆದು ಎಲ್ಲ ಹೇಳಿದೆ. ಹೇಳಿ ಕೈ ಮುಗಿದೆ.

"ನಮ್ಮ ಎಂಟ ದಿನಾ ಹೋಗ್ಲಿ ಅಣ್ಣಾ. ವೈನಿಗೆ ಆರು ವರ್ಷ ಆತಲ್ಲ" ಎಂದ ತಮ್ಮ.

ಮರುದಿನ ಇಬ್ಬರೂ ಕೂಸನ್ನೆತ್ತಿಕೊಂಡು ಶಹಾಪುರಕ್ಕೆ ಬಂದರು. ತಮ್ಮನ ಹೆಂಡತಿ ನನ್ನ ಕಡೆ ನೋಡದೆ ನೇರ ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ ನಾನು ಹೊಸ್ತಿಲಲ್ಲಿ ನಿಂತು, "ತಪ್ಪು ನಂದವಾ, ಆಕಿದಲ್ಲ" ಎಂದು ಅವಳಿಗೂ ಕೈ ಮುಗಿದೆ. ಅವಳು ಅದಕ್ಕೆ ಹೂಂ ಎಂದಳಷ್ಟೆ. ಕೂಸನ್ನು ನನ್ನ ಹೆಂಡತಿಯ ಮಡಿಲಲ್ಲಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಅಕ್ಕಾರ, ನೀವು ಅನ್ನದ ಮಾತಿಗೆ ಯಾಕ ತಪ್ಪಾತು ಅಂದ್ರಿ?"

"ಯಾರರ ಒಬ್ಬರು ಅನ್ನಬೇಕಿತ್ತಲ್ಲವಾ" ಎಂದಳು ನನ್ನ ಹೆಂಡತಿ, ಕೂಸಿನ ಕುಂಚಿಗೆಯ ದಾರ ಸರಿಮಾಡುತ್ತ.

ಆಗ ಹೆಂಡತಿ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ನಾನು ಇನ್ನೂ ಕೈ ಮುಗಿದೇ ನಿಂತಿದ್ದೆ, ಆದರೆ ಮುಗಿದ ಕೈ ತಮ್ಮನ ಹೆಂಡತಿಯ ಕಡೆಗಿತ್ತು. ಅದನ್ನು ಇಷ್ಟು ತಿರುಗಿಸಿದ್ದರೆ ಸಾಕಿತ್ತು. ಗಂಡನಾದವನು ಹೆಂಡತಿಗೆ, ಅದೂ ತಮ್ಮನ ಹೆಂಡತಿಯ ಎದುರಿಗೆ, ಎಂದುಕೊಂಡು ಕೈ ಇಳಿಸಿ, ಚಹಾ ಮಾಡು ಎಂದೆ. ಅವಳು ಕೂಸನ್ನು ತಾಯಿಗೆ ಕೊಟ್ಟು ಎದ್ದಳು.

ಅದಾಗಿ ಎಷ್ಟೋ ವರ್ಷಗಳಾದವು. ನೆಗೆಣ್ಣಿಯರಿಬ್ಬರೂ ಈಗ ಒಂದೇ ಜೀವ, ವಾರಕ್ಕೊಮ್ಮೆ ಕೂಡುತ್ತಾರೆ. ಎಲ್ಲ ಸರಿಹೋಯಿತಲ್ಲ, ಇನ್ನೇಕೆ ಹಳೆಯದನ್ನು ಕೆದಕುವುದು ಎಂದು ನಾನು ಸುಮ್ಮನಿದ್ದೆ. ತಮ್ಮನಿಗೆ ತಪ್ಪಾಯಿತು ಎಂದೆ, ಅವನ ಹೆಂಡತಿಗೆ ಎಂದೆ, ಅವ್ವನಿಗೂ ಅವಳ ಕೊನೆಯ ದಿನಗಳಲ್ಲಿ ಎಂದೆ. ಈಗಲೂ ಎದುರಿಗಿದ್ದು, ಈಗಲೂ ನನಗೆ ತಾಟು ಇಟ್ಟು ಬಡಿಸುತ್ತಿದ್ದರೂ, ನಾನು ಒಮ್ಮೆಯೂ ತಪ್ಪಾಯಿತು ಎನ್ನದೆ ಬಿಟ್ಟವಳು ನನ್ನ ಹೆಂಡತಿ.